ಮನಸ್ಸಿನ ಬೇನೆಗೆ ಮೈಯ ಆರೈಕೆಯೂ ಬೇಕು

ನಾನು ವೈದ್ಯನಲ್ಲ. ಮ್ಯಾಟ್ರಿಕ್‌ವರೆಗೆ ಓದಿ ಗಿರಣಿಯ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ಆದರೂ ಈ ವಿಷಯವನ್ನು ಬರೆಯಲೇಬೇಕೆಂದು ಕುಳಿತಿದ್ದೇನೆ. ಕಾರಣ ನಮ್ಮ ಖೋಲಿಯಲ್ಲೇ ನಡೆದದ್ದು.

ಖೋಲಿಯಲ್ಲಿ ನಾವು ಏಳು ಜನ. ಮೂರು ವರ್ಷಗಳ ಹಿಂದೆ ನಮ್ಮ ಕಡೆಯ ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಬಂದು ರಾತ್ರಿ ಪಾಳಿಗೆ ಸೇರಿದ. ಕೆಲವು ತಿಂಗಳು ಚೆನ್ನಾಗಿಯೇ ಇದ್ದ. ಬರಬರುತ್ತ ಹಗಲು ನಿದ್ರೆ ಬಿಟ್ಟ. ಖಾನಾವಳಿಯ ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಾಟು ಸರಿಸಿದ. ಒಂದು ರಾತ್ರಿ ನನ್ನನ್ನು ಎಬ್ಬಿಸಿ, “ಅಣ್ಣಾ, ಗ್ವಾಡಿ ಆಚಿ ಮಂದಿ ನನ್ನ ಬಗ್ಗೆನ ಮಾತಾಡಾಕತ್ತಾರ, ಕೇಳಸವಲ್ದೇನು?” ಎಂದ. ಗೋಡೆಯ ಆಚೆ ಇದ್ದದ್ದು ನೀರಿನ ಟಾಕಿ ಮಾತ್ರ.

ಗಾಳಿ ಸೋಕಿದೆ ಎಂದರು ಕೆಲವರು. ಕುಡಿತ ಕಲಿತಿದ್ದಾನೆ ಎಂದರು ಕೆಲವರು. ಊರಿನ ಗಾಡಿ ಹತ್ತಿಸಿಬಿಡೋಣವೆಂದು ಟಿಕೀಟಿನ ಹಣವನ್ನೂ ಕೂಡಿಸಿದೆವು. ನಮ್ಮ ಸಂಘದ ಹಿರಿಯರೊಬ್ಬರು ತಡೆದು, ಮೊದಲು ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು. ಅಲ್ಲಿ ಡಾಕ್ಟರ್ ಬಾಯಿಯವರು ಅವನ ಮಾತು ಕೇಳಿದ ಮೇಲೆ ಜ್ವರ ನೋಡಿದರು, ರಕ್ತ ತೆಗೆಸಿದರು, ತೂಕ ಮಾಡಿಸಿದರು, ಸೊಂಟದ ಸುತ್ತಳತೆಯನ್ನೂ ಬರೆದುಕೊಂಡರು. ನಾನು ತಡೆಯಲಾರದೆ, “ಬಾಯೀ, ಬೇನೆ ತಲೆಯದು, ಸೊಂಟ ಯಾತಕ್ಕೆ ಅಳೆಯುತ್ತೀರಿ?” ಎಂದು ಕೇಳಿದೆ. “ತಲೆ ಮೈಗೆ ಹತ್ತಿಕೊಂಡೇ ಇದೆಯಲ್ಲ!” ಎಂದು ನಕ್ಕರು. ಆ ಮಾತಿನ ಅರ್ಥವನ್ನು ಹುಡುಕುತ್ತ ಹೋಗಿ ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಹೇಳುತ್ತೇನೆ.

ಬೇನೆ ಯಾವುದು?

ಇಲ್ಲದ ಧ್ವನಿ ಕೇಳಿಸುವುದು, ಎಲ್ಲರೂ ತನಗೆ ಕೇಡು ಬಗೆಯುತ್ತಿದ್ದಾರೆಂದು ಬಲವಾಗಿ ನಂಬುವುದು, ಮಾತು ಎತ್ತೆತ್ತಲೋ ಹರಿಯುವುದು – ಇದಕ್ಕೆ ಸೈಕೋಸಿಸ್, ಕನ್ನಡದಲ್ಲಿ ಚಿತ್ತವಿಕಲತೆ ಎನ್ನುತ್ತಾರೆ. ಬಹುಮಟ್ಟಿಗೆ ಹದಿವಯಸ್ಸಿನ ಕೊನೆಯಿಂದ ಮೂವತ್ತರ ಒಳಗೆ ತಲೆದೋರುತ್ತದೆ. ಅಂದರೆ ಊರು ಬಿಟ್ಟು ಕೆಲಸಕ್ಕೆ ಬರುವ ವಯಸ್ಸಿನಲ್ಲೇ. ಚಿಕಿತ್ಸೆ ಬೇಗ ಶುರುವಾದಷ್ಟೂ ಗುಣ ಕಾಣುವ ಸಂಭವ ಹೆಚ್ಚು.

ಉರಿಯೂತವೆಂದರೇನು?

ಕಾಲಿಗೆ ಮುಳ್ಳು ಮುರಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಅದೇ ಉರಿಯೂತ, ಮೈಯನ್ನು ಕಾಯುವ ರಕ್ತಕಣಗಳು ಹೂಡುವ ಹೋರಾಟ. ಆ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕೆಲವು ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತವೆ. ಅವುಗಳಲ್ಲೊಂದರ ಹೆಸರು ಇಂಟರ್‌ಲ್ಯೂಕಿನ್-6. ಅದರ ಸುದ್ದಿ ತಲುಪಿದೊಡನೆ ಯಕೃತ್ತು ಸಿ.ಆರ್.ಪಿ. ಎಂಬ ಇನ್ನೊಂದು ದ್ರವ್ಯವನ್ನು ತಯಾರಿಸುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಈ ಹೆಸರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಗಾಯವಿಲ್ಲದೆ, ಜ್ವರವಿಲ್ಲದೆ, ಬೂದಿಯೊಳಗಿನ ಕೆಂಡದಂತೆ ವರ್ಷಗಟ್ಟಲೆ ಉಳಿಯುವ ಸಣ್ಣ ಉರಿಯೂತವೂ ಉಂಟು. ಹೊಟ್ಟೆಯ ಬೊಜ್ಜು, ತಂಬಾಕು, ನಿದ್ರೆಗೇಡು ಅದನ್ನು ಹೆಚ್ಚಿಸುತ್ತವೆ. ಈ ಸುದ್ದಿ ಮಿದುಳಿಗೂ ಮುಟ್ಟುತ್ತದೆ. ಜ್ವರ ಬಂದಾಗ ಊಟ ಬೇಡ, ಮಾತು ಬೇಡ, ಮೂಲೆ ಹಿಡಿದು ಮಲಗಿದರೆ ಸಾಕು ಎನಿಸುವುದಿಲ್ಲವೆ? ವಿಷಮಶೀತ ಜ್ವರ ತಲೆಗೇರಿ ಬಡಬಡಿಸಿದವರನ್ನು ನಮ್ಮ ಹಿರಿಯರು ಕಂಡಿದ್ದಾರೆ. ಮೈಯ ಬೇನೆ ಮನಸ್ಸನ್ನು ಕದಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಶೋಧನೆಯ ದಾರಿ

ಒಂದು ಕಾಲಕ್ಕೆ ಯೂರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಬುದ್ಧಿ ಕೆಟ್ಟು ಪಾರ್ಶ್ವವಾಯು ಬಡಿದ ರೋಗಿಗಳು ಬಹಳ ಇದ್ದರು. ಸಿಫಿಲಿಸ್ ಎಂಬ ಗುಹ್ಯರೋಗದ ಕ್ರಿಮಿ ಇಂಥವರ ಮಿದುಳಿನಲ್ಲಿರುವುದನ್ನು 1913ರಲ್ಲಿ ನೊಗುಚಿ ಮತ್ತು ಮೂರ್ ತೋರಿಸಿದರು. 1917ರಲ್ಲಿ ವಿಯೆನ್ನಾದ ವಾಗ್ನರ್-ಯೌರೆಗ್ ಅಂಥ ರೋಗಿಗಳಿಗೆ ಬೇಕೆಂದೇ ಮಲೇರಿಯಾ ಜ್ವರ ತರಿಸಿ, ಅದರ ಕಾವಿನಿಂದ ಗುಣ ಕಂಡರು. 1927ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅಪಾಯದ ಉಪಾಯ ಅದು. ಪೆನಿಸಿಲಿನ್ ಬಂದ ಮೇಲೆ ಮೂಲೆಗೆ ಬಿತ್ತು.

2007ರಲ್ಲಿ ಡಾ. ಜೋಸೆಫ್ ದಾಲ್ಮೌ ಮತ್ತು ಸಂಗಡಿಗರು ಇನ್ನೊಂದು ಬೇನೆಯನ್ನು ವಿವರಿಸಿದರು. ಅದರಲ್ಲಿ ಮೈಯ ಕಾವಲು ಪಡೆಯೇ ದಾರಿ ತಪ್ಪಿ ಮಿದುಳಿನ ಮೇಲೆ ಬೀಳುತ್ತದೆ. ಹೆಚ್ಚಾಗಿ ಎಳೆಯ ಹೆಣ್ಣುಮಕ್ಕಳಲ್ಲಿ ಕಾಣುವ ಇದು ಆರಂಭದಲ್ಲಿ ಹುಚ್ಚಿನಂತೆಯೇ ತೋರುತ್ತದೆ. ಸಕಾಲಕ್ಕೆ ಉರಿಯೂತ ತಗ್ಗಿಸುವ ಚಿಕಿತ್ಸೆ ದೊರೆತರೆ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಅಪರೂಪದ ಬೇನೆ ನಿಜ. ಆದರೆ ಕೆಲವೇ ದಿನಗಳಲ್ಲಿ ಬುದ್ಧಿ ಕೆಟ್ಟು, ಜೊತೆಗೆ ಜ್ವರ ಅಥವಾ ಫಿಟ್ಸ್ ಬಂದರೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಸಾಮಾನ್ಯ ಚಿತ್ತವಿಕಲತೆಯ ಮಾತೇನು? ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಮಕ್ಕಳ ರಕ್ತವನ್ನು 9ನೇ ವಯಸ್ಸಿನಲ್ಲಿ ಪರೀಕ್ಷಿಸಿ, 18ನೇ ವಯಸ್ಸಿನಲ್ಲಿ ಮತ್ತೆ ವಿಚಾರಿಸಿದರು. ಬಾಲ್ಯದಲ್ಲಿ ಇಂಟರ್‌ಲ್ಯೂಕಿನ್-6 ಹೆಚ್ಚಿದ್ದವರಲ್ಲಿ ಮುಂದೆ ಇಂಥ ಅನುಭವಗಳು ಹೆಚ್ಚು ಕಂಡವೆಂದು 2014ರಲ್ಲಿ ಪ್ರಕಟಿಸಿದರು. ಮೊದಲ ಸಲ ಬೇನೆ ಬಿದ್ದವರಲ್ಲಿ, ಔಷಧ ಕೊಡುವ ಮೊದಲೇ, ರಕ್ತದ ಸಕ್ಕರೆಯ ಹತೋಟಿ ಏರುಪೇರಾಗಿರುವುದನ್ನೂ ಕಂಡಿದ್ದಾರೆ. ಹಾಗೆಂದು ಉರಿಯೂತವೇ ಎಲ್ಲಕ್ಕೂ ಮೂಲವೆಂದು ತೀರ್ಮಾನಿಸುವಂತಿಲ್ಲ. ಉರಿಯೂತ ತಗ್ಗಿಸಬಲ್ಲ ಮಿನೋಸೈಕ್ಲಿನ್ ಮಾತ್ರೆಯನ್ನು ಬ್ರಿಟನ್ನಿನಲ್ಲಿ ಬೇನೆಯ ಆರಂಭದಲ್ಲಿದ್ದ 207 ಜನರಲ್ಲಿ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಆ ಮಾತ್ರೆ, ಉಳಿದವರಿಗೆ ಬರಿಯ ಹುಸಿಮಾತ್ರೆ. ಒಂದು ವರ್ಷದ ಬಳಿಕವೂ ವ್ಯತ್ಯಾಸ ಕಾಣಲಿಲ್ಲವೆಂದು 2018ರಲ್ಲಿ ತಿಳಿಸಿದರು. ಆದುದರಿಂದ ಅಂಗಡಿಯಿಂದ ಮಾತ್ರೆ ತಂದು ಸ್ವಂತ ವೈದ್ಯ ಮಾಡತಕ್ಕದ್ದಲ್ಲ.

ನಾವು ಮಾಡಿದ ತಪ್ಪು

ಚಿತ್ತವಿಕಲತೆಗೆ ಔಷಧವೇ ಮೊದಲ ಆಧಾರ. 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದಂದಿನಿಂದ ಈ ಜಾತಿಯ ಔಷಧಗಳು ಅಸಂಖ್ಯ ಜನರನ್ನು ಮನೆಗೆ ಮರಳಿಸಿವೆ. ಆದರೆ ಇವುಗಳಲ್ಲಿ ಕೆಲವು ಹಸಿವೆಯನ್ನು ಕೆರಳಿಸಿ, ಮೊದಲ ತಿಂಗಳುಗಳಲ್ಲೇ ತೂಕ ಏರಿಸುತ್ತವೆ.

ನಮ್ಮ ಹುಡುಗನಿಗೆ ಧ್ವನಿ ಕೇಳಿಸುವುದು ತಿಂಗಳೊಳಗೆ ತಗ್ಗಿತು. ನಾಲ್ಕು ತಿಂಗಳಲ್ಲಿ ಪ್ಯಾಂಟು ಹಿಡಿಯದಾಯಿತು. ನಾವು ಏನು ಮಾಡಿದೆವು? “ಏನಪ್ಪಾ ಸಾವಕಾರ!” ಎಂದು ಹೊಟ್ಟೆ ತಟ್ಟಿ ನಕ್ಕೆವು. ಅವನೂ ನಕ್ಕ, ಯಾರಿಗೂ ಹೇಳದೆ ಮಾತ್ರೆ ಬಿಟ್ಟ. ಆರು ವಾರದಲ್ಲಿ ಬೇನೆ ಮರಳಿತು, ಮೊದಲಿಗಿಂತ ಜೋರಾಗಿ. ಆ ನಗೆಯಲ್ಲಿ ನನ್ನದೂ ಪಾಲಿತ್ತು. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ತೂಕದ ಮಾತು ಬರಿಯ ಅಂದಚೆಂದದ್ದಲ್ಲ. ತೀವ್ರ ಮನೋರೋಗವುಳ್ಳವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೃದಯರೋಗದಂಥ ಮೈಯ ಬೇನೆಗಳೇ ಅದಕ್ಕೆ ದೊಡ್ಡ ಕಾರಣ. ಇದನ್ನು ತಡೆಯಬಹುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಆಗತಾನೆ ಔಷಧ ಶುರುವಾದ ತರುಣರಿಗೆ 12 ವಾರ ಊಟ ಮತ್ತು ವ್ಯಾಯಾಮದ ತಿಳಿವಳಿಕೆ ಕೊಟ್ಟರು. ಅವರ ತೂಕ ಸರಾಸರಿ 1.8 ಕಿಲೊ ಮಾತ್ರ ಏರಿತು. ಮಾಮೂಲು ಚಿಕಿತ್ಸೆಯವರದು 7.8 ಕಿಲೊ.

ನಮ್ಮಿಂದಾಗುವುದು

1. ಔಷಧ ಶುರುವಾಗುವಾಗ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತೂಕ, ಸೊಂಟ, ರಕ್ತದೊತ್ತಡ, ಸಕ್ಕರೆ, ಕೊಬ್ಬು ನೋಡಿಸಬೇಕು. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಿದರೆ ಎಚ್ಚರಿಕೆ.

2. ತೂಕ ಏರಿದರೆ ಮಾತ್ರೆ ಬಿಡಕೂಡದು, ವೈದ್ಯರಿಗೆ ಹೇಳಬೇಕು. ಬೇರೆ ಔಷಧಗಳಿವೆ. ನಮ್ಮ ಹುಡುಗನಿಗೂ ಬದಲಿಸಿದರು.

3. ವಡಾಪಾವು, ಸಿಹಿ ಚಹಾ ಕಡಿಮೆ ಮಾಡಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ ಹಿಡಿಯಬೇಕು.

4. ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ. ಒಬ್ಬನನ್ನೇ ಕಳಿಸಬೇಡಿ, ಜೊತೆಗೆ ಹೋಗಿ.

5. ಸಾಧ್ಯವಾದರೆ ಹಗಲು ಪಾಳಿ ಕೇಳಿ ಪಡೆಯಬೇಕು.

6. ಗಾಂಜಾ ಈ ಬೇನೆಯನ್ನು ಕೆದಕುತ್ತದೆ. ಅದರ ಸಹವಾಸವೇ ಬೇಡ. ಬೀಡಿ, ಸಿಗರೇಟು ಬಿಡುವುದು ಒಳ್ಳೆಯದು, ಆದರೆ ವೈದ್ಯರಿಗೆ ತಿಳಿಸಿ ಬಿಡಬೇಕು. ಧೂಮಪಾನ ನಿಂತಾಗ ಕೆಲವು ಮಾತ್ರೆಗಳ ಪ್ರಮಾಣ ಬದಲಿಸಬೇಕಾಗುತ್ತದೆ.

ದಾರಿ ತೋಚದವರು 14416ಕ್ಕೆ ಫೋನು ಮಾಡಬಹುದು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆ ಇದು. ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ನಮ್ಮ ಹುಡುಗ ಈಗ ಹಗಲು ಪಾಳಿಯಲ್ಲಿದ್ದಾನೆ. ಮಾತ್ರೆ ನಡೆದಿದೆ. ಕೆಲವು ದಿನ ಮಂಕಾಗಿರುತ್ತಾನೆ. ಕೆಲವು ದಿನ ಸಂಜೆ ವಾಚನಾಲಯಕ್ಕೆ ಬಂದು ಪತ್ರಿಕೆ ತಿರುವುತ್ತಾನೆ. ಅಂದು ಕೂಡಿಸಿದ ಟಿಕೀಟಿನ ಹಣದಲ್ಲಿ ತೂಕದ ಯಂತ್ರ ಕೊಂಡು ವಾಚನಾಲಯದ ಬಾಗಿಲ ಬಳಿ ಇಟ್ಟಿದ್ದೇವೆ; ಯಾರು ಬೇಕಾದರೂ ಉಪಯೋಗಿಸಬಹುದು. ಪ್ರತಿ ರವಿವಾರ ಬೆಳಿಗ್ಗೆ ಆರೂವರೆಗೆ ಅಲ್ಲಿಂದಲೇ ನಾಲ್ಕಾರು ಜನ ನಡಿಗೆಗೆ ಹೊರಡುತ್ತೇವೆ. ನಿಮ್ಮ ಖೋಲಿಯಲ್ಲೂ ಮೂಲೆ ಹಿಡಿದ ತಮ್ಮನೊಬ್ಬನಿದ್ದರೆ ಕರೆತನ್ನಿ. ಯಾರೂ ಏನೂ ಕೇಳುವುದಿಲ್ಲ.