ಎತ್ತಿಗೊಂದು ಸೋಮವಾರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಒಕ್ಕಲುತನದಲ್ಲಿ ತಲೆತಲಾಂತರದಿಂದ ನಡೆದುಬಂದ ಕಟ್ಟಳೆಯೊಂದುಂಟು. ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸಬಾರದು. ಮಳೆ ಹದವಾಗಿ ಬಿದ್ದು ಹೊಲ ಬಿತ್ತಿಗೆಗೆ ಕರೆಯುತ್ತಿರಲಿ, ಮಗ್ಗುಲ ಹೊಲದವನು ಕೂರಿಗೆ ಹೊಡೆದು ಮುಗಿಸಿರಲಿ, ಸೋಮವಾರವೆಂದರೆ ಎತ್ತು ಗೋದಲಿಯ ಮುಂದೆ ಮೇವು ಮೆಲ್ಲುತ್ತ ನಿಂತಿರಬೇಕು. ಎತ್ತು ನಮ್ಮ ಜನಕ್ಕೆ ಬರಿಯ ಪಶುವಲ್ಲ, ಬಸವಣ್ಣ. ಸೋಮವಾರ ಶಿವನ ವಾರ. ಆದುದರಿಂದ ಶಿವನ ವಾಹನಕ್ಕೆ ಅಂದು ಬಿಡುವು ಎಂದು ಹಿರಿಯರು ಕಾರಣ ಹೇಳುತ್ತಿದ್ದರು.

ವಾರ, ತಿಥಿ, ನಕ್ಷತ್ರಗಳ ಕಟ್ಟನ್ನು ಶಿವಶರಣರು ಕಿತ್ತೆಸೆದರಲ್ಲ, ಹೀಗಿರುವಲ್ಲಿ ಶರಣಮಾರ್ಗದವರು ಸೋಮವಾರವನ್ನು ಹೊಗಳುವುದು ಸಲ್ಲುವುದೇ ಎಂದು ವಾಚಕರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಶರಣರು ನಿರಾಕರಿಸಿದ್ದು ಒಂದು ದಿನ ಶುಭ, ಇನ್ನೊಂದು ದಿನ ಅಶುಭ ಎಂಬ ಭಯವನ್ನು. ಎತ್ತಿನ ಸೋಮವಾರದಲ್ಲಿ ಭಯವಿಲ್ಲ, ಲೆಕ್ಕವಿದೆ. ಆರು ದಿನ ದುಡಿದ ಜೀವಕ್ಕೆ ಏಳನೆಯ ದಿನ ಸಲ್ಲಬೇಕಾದ ಕೂಲಿ ಅದು. ಕೊಟ್ಟರೆ ಉಪಕಾರವೆನಿಸದು, ಕೊಡದಿದ್ದರೆ ಬಾಕಿ ಉಳಿಯುತ್ತದೆ. ವಿಶ್ರಾಂತಿಯು ದುಡಿಮೆ ಮುಗಿದ ಮೇಲೆ ಉಳಿದರೆ ಸಿಗುವ ವಸ್ತುವಲ್ಲ, ದುಡಿಮೆಯ ಬೆಲೆಯಲ್ಲಿಯೇ ಸೇರಿದ ಒಂದು ಪಾಲು ಎಂಬ ತಿಳಿವಳಿಕೆ ಈ ರೂಢಿಯ ಒಡಲಲ್ಲಿದೆ.

ಮುಂಬಯಿಯ ಗಿರಣಿ ಕಾರ್ಮಿಕರು ಇದೇ ಪಾಲಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಸಾವಿರಾರು ಜನ ಅರ್ಜಿಗೆ ಸಹಿ ಹಾಕಿ, ಸಭೆ ಸೇರಿ, ಕೊನೆಗೆ 1890ರಲ್ಲಿ ಅವರಿಗೆ ರವಿವಾರದ ಸೂಟಿ ದೊರೆಯಿತು. ನಮ್ಮ ಎತ್ತು ಅರ್ಜಿ ಬರೆಯಲಿಲ್ಲ. ಅದನ್ನು ಸಾಕಿದವನೇ ತನ್ನ ಆಸೆಗೆ ತಾನು ಮೂಗುದಾರ ಹಾಕಿಕೊಂಡಿದ್ದನು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಎತ್ತು ನಿಂತ ದಿನ ಒಕ್ಕಲಿಗನೂ ಅರ್ಧ ನಿಲ್ಲುತ್ತಿದ್ದನು. ಅಂದು ಮಿಣಿ ಹೊಸೆಯುವುದು, ಕುಂಟೆಯ ತಾಳು ನೋಡುವುದು, ಬೀಗರೂರಿಗೆ ಹೋಗಿಬರುವುದು, ಮಠದ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಾತು ಕೇಳುವುದು. ಎತ್ತಿನ ಹೆಸರಿನಲ್ಲಿ ಮನುಷ್ಯನಿಗೂ ಒಂದು ವಾರ ಸಿಕ್ಕಿತ್ತು. ಬಡಿಗ, ಕಮ್ಮಾರರು ಅಮಾವಾಸ್ಯೆಯಂದು ಉಳಿ ಬಾಚಿಗಳನ್ನು ಮುಟ್ಟದೆ ಇರುತ್ತಿದ್ದುದೂ ಇಂಥದೇ ಏರ್ಪಾಡು. ಈಗ ಕೊಟ್ಟಿಗೆಗಳಲ್ಲಿ ಎತ್ತು ಕಡಿಮೆಯಾಗಿ ಅಂಗಳದಲ್ಲಿ ಟ್ರ್ಯಾಕ್ಟರು ನಿಂತಿದೆ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಯಂತ್ರ ದಣಿಯುವುದಿಲ್ಲ, ನಿಜ. ಆದರೆ ಅದರ ಮೇಲೆ ಕುಳಿತವನು ದಣಿಯುತ್ತಾನೆ. ಅವನ ಸಲುವಾಗಿ ಯಾರೂ ಹೊಸ ಕಟ್ಟಳೆ ಮಾಡಲಿಲ್ಲ. ಎತ್ತು ಹೋಗುವಾಗ ನಮ್ಮ ಸೋಮವಾರವನ್ನೂ ಬೆನ್ನ ಮೇಲೆ ಹೇರಿಕೊಂಡು ಹೋಯಿತೆಂಬುದು ನಮ್ಮ ಗಮನಕ್ಕೇ ಬರಲಿಲ್ಲ.

ಗಂಗಾವತಿಯ ಕಡೆಗೆ ಹೋಗಿ ನೋಡಬೇಕು. 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆಯ ಕಾಲುವೆಗೆ ಹರಿಯತೊಡಗಿದ ಮೇಲೆ ಜೋಳದ ನಾಡು ಭತ್ತದ ನಾಡಾಯಿತು. ಮುಂಗಾರಿ ಕೊಯ್ದ ಬೆನ್ನಿಗೇ ಬೇಸಗೆಯ ಬೆಳೆಗೆ ಸಸಿಮಡಿ ಸಿದ್ಧವಾಗಬೇಕು. ಕೊಯ್ಲಿನ ಕಾಲಕ್ಕೆ ದೊಡ್ಡ ಯಂತ್ರಗಳು ಇರುಳಿನಲ್ಲಿಯೂ ದೀಪ ಹಚ್ಚಿಕೊಂಡು ಗದ್ದೆಯಲ್ಲಿ ಓಡಾಡುತ್ತವೆ. ಸಂಪತ್ತು ಬಂದಿತು, ಮಕ್ಕಳು ಓದಿದರು, ಹಂಚಿನ ಮನೆಗಳು ಮಾಳಿಗೆಯಾದವು. ಇದನ್ನು ಹಳಿಯುವ ಅಧಿಕಾರ ನನಗಿಲ್ಲ, ಅನ್ನ ಬೆಳೆದವರ ಋಣ ಎಲ್ಲರ ಮೇಲೂ ಇದೆ. ಆದರೂ ಆ ಭೂಮಿಯೇ ಹೇಳುವ ಮಾತೊಂದನ್ನು ಕೇಳಬೇಕು. ಬಸಿಗಾಲುವೆಯಿಲ್ಲದೆ ವರ್ಷವಿಡೀ ನೀರು ನಿಂತ ಹೊಲಗಳಲ್ಲಿ ನೆಲದೊಳಗಿನ ನೀರು ಮೇಲೇರುತ್ತದೆ, ತನ್ನೊಡನೆ ಉಪ್ಪನ್ನೂ ತರುತ್ತದೆ, ನೆಲ ಸವಳಾಗುತ್ತದೆ. ಅಂಥ ಎಕರೆಗಳು ಅಚ್ಚುಕಟ್ಟಿನಲ್ಲಿ ಕೆಲವಲ್ಲ. ಒಣಗುವ ಬಿಡುವನ್ನು ಕಾಣದ ಮಣ್ಣು ಕೊನೆಗೆ ಬೆಳೆಯುವುದನ್ನೇ ಬಿಡುತ್ತದೆ. ಮೈಯ ವಿಷಯವಾದರೂ ಇದಕ್ಕಿಂತ ಬೇರೆಯಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಕೂಡಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅತಿಯಾದ ದುಡಿಮೆಯ ಕಾರಣದಿಂದ 2016ನೆಯ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 7,45,000 ಜನರು ಪಾರ್ಶ್ವವಾಯು ಹಾಗೂ ಹೃದ್ರೋಗಗಳಿಂದ ತೀರಿಕೊಂಡರು. ವಾರಕ್ಕೆ 55 ತಾಸು ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು ಅಧಿಕವೆಂದು ಅವರು ಕಂಡರು.

ಇಷ್ಟು ತಿಳಿದಿದ್ದರೂ ದುಡಿಮೆಯ ತಾಸುಗಳನ್ನು ಏರಿಸುವ ಮಾತೇ ಕೇಳಿಬರುತ್ತಿದೆ. ತರುಣರು ವಾರಕ್ಕೆ 70 ತಾಸು ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕ ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದರು. 2025ರ ಆರಂಭದಲ್ಲಿ ಇನ್ನೊಂದು ಬೃಹತ್ ಸಂಸ್ಥೆಯ ಅಧ್ಯಕ್ಷರು 90ಕ್ಕೆ ಏರಿಸಿ, ರವಿವಾರವನ್ನೂ ಸೇರಿಸಿದರು. ನಮ್ಮ ಊರುಗಳಿಂದ ಬೆಂಗಳೂರಿಗೆ ಹೋದ ಮಕ್ಕಳ ತಂದೆತಾಯಿಗಳು ಇದನ್ನು ಪತ್ರಿಕೆಯಲ್ಲಿ ಓದಿ, ‘ನಮ್ಮ ಧರ್ಮವೂ ಕಾಯಕವನ್ನೇ ಹೇಳುತ್ತದಲ್ಲ’ ಎಂದು ತಲೆದೂಗುವ ಸಂಭವವಿದೆ. ಅವರಿಗಾಗಿಯೇ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳನ್ನು ನೆನೆಯಬೇಕಾಗಿದೆ.

ಈ ದಂಪತಿಗಳು ನಮ್ಮ ನೆರೆಯವರೇ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಅವರ ಊರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಇವರ ಪ್ರಸಂಗ ವಿಸ್ತಾರವಾಗಿ ಬರುತ್ತದೆ. ಅನುಭಾವದ ಮಾತಿನಲ್ಲಿ ಮೈಮರೆತು ಮಾರಯ್ಯ ಹೊತ್ತು ಕಳೆದಾಗ, ಕಾಯಕ ನಿಂತಿದೆ, ಏಳು ಎಂದು ಅವನನ್ನು ಎಚ್ಚರಿಸಿ ಕಳುಹುವವಳು ಲಕ್ಕಮ್ಮ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಹಾಗೆ ಹೋದ ಮಾರಯ್ಯ ಒಂದು ದಿನ ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬಡವರ ಮನೆಗೆ ಎರಡು ಹಿಡಿ ಹೆಚ್ಚು ಅಕ್ಕಿ ಬಂದರೆ ಗೃಹಿಣಿ ಹಿಗ್ಗಬೇಕಷ್ಟೆ? ಲಕ್ಕಮ್ಮ ಹಿಗ್ಗಲಿಲ್ಲ. ಇದು ನಿತ್ಯದ ಅಕ್ಕಿಯಲ್ಲ, ಆಸೆಯ ಅಕ್ಕಿ, ತಂದಲ್ಲಿಯೇ ಚೆಲ್ಲಿ ಬಾ ಎಂದಳು.

ಗಂಡ ಕುಳಿತಾಗ ಎಬ್ಬಿಸಿದವಳೂ ಅವಳೇ, ಅಳತೆ ಮೀರಿದಾಗ ತಡೆದವಳೂ ಅವಳೇ. ಮೊದಲ ಅರ್ಧವನ್ನಷ್ಟೇ ಉಪನ್ಯಾಸಕ್ಕೆ ಎತ್ತಿಕೊಂಡು ಎರಡನೆಯದನ್ನು ಬಿಟ್ಟವರು ಕಾಯಕತತ್ವವನ್ನು ಗಿರಣಿಯ ಸೀಟಿಯನ್ನಾಗಿ ಮಾಡಿದ್ದಾರೆ. ಕಾಯಕಕ್ಕೆ ಅಂದಂದಿನ ಅಳತೆಯುಂಟು. ಆ ಅಳತೆಯನ್ನು ನಿರ್ಣಯಿಸುವುದು ದಾಸೋಹದ ಅಗತ್ಯ, ಒಡೆಯನ ಗುರಿಪಟ್ಟಿಯಲ್ಲ. ನನ್ನ ಅಭಿಪ್ರಾಯದಲ್ಲಿ, ಕಾಯಕದ ಹೆಸರೆತ್ತಿ ತಾಸುಗಳನ್ನು ಏರಿಸುವವನು ಲಕ್ಕಮ್ಮನ ಮನೆಯ ಹೊಸ್ತಿಲಲ್ಲಿ ಚೀಲ ಹೊತ್ತು ನಿಂತ ಮಾರಯ್ಯನೇ ಆಗಿದ್ದಾನೆ.

ದುಡಿಮೆಯನ್ನು ಕೀಳೆಂದು ಬಗೆದ ನೆಲ ಇದಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಬಂಡೆಗಲ್ಲಿನ ಶಾಸನದ ಸಾರವೇ ಪರಿಶ್ರಮ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲರೆಂಬುದು ಅದರ ಆಶಯ. ಆ ಅರಸನೇ ಬೇರೆಡೆಯ ಶಾಸನದಲ್ಲಿ, ಹಾದಿಯ ಬದಿಗೆ ಆಲದ ಮರ ನೆಡಿಸಿ ಪಶುಗಳಿಗೂ ಮನುಷ್ಯರಿಗೂ ನೆರಳು ಮಾಡಿಸಿದ್ದನ್ನು ತನ್ನ ಸಾಧನೆಗಳಲ್ಲಿ ಸೇರಿಸಿಕೊಂಡಿದ್ದಾನೆ.

ಇನ್ನು ನಮ್ಮ ಮನೆಗಳ ಒಳಗಿನ ಮಾತು. ಎತ್ತಿಗೆ ಸೋಮವಾರವಿತ್ತು, ಬಡಿಗನಿಗೆ ಅಮಾವಾಸ್ಯೆಯಿತ್ತು, ನೌಕರನಿಗೆ ರವಿವಾರವಿದೆ. ಮನೆಯ ಅಕ್ಕತಂಗಿಯರಿಗೆ, ತಾಯಂದಿರಿಗೆ, ಸೊಸೆಯರಿಗೆ ಯಾವ ವಾರ? ಎತ್ತು ನಿಂತ ಸೋಮವಾರವೇ ಅವರಿಗೆ ಹೆಚ್ಚಿನ ದುಡಿತ. ಶ್ರಾವಣ ಸೋಮವಾರವಾದರಂತೂ ಮನೆ ಸಾರಿಸುವುದು, ಪೂಜೆಯ ಅಣಿ, ಹೂರಣ ರುಬ್ಬಿ ಹೋಳಿಗೆ, ಬಂದ ಜಂಗಮರಿಗೆ ಎಡೆ. ಎಲ್ಲರೂ ಉಂಡ ಮೇಲೆ ಅವರು ಉಣ್ಣುವಾಗ ಸೂರ್ಯ ಪಡುವಣಕ್ಕೆ ವಾಲಿರುತ್ತಾನೆ. ಲಕ್ಕಮ್ಮನ ಹೆಸರನ್ನು ಮಗಳಿಗಿಟ್ಟು ಅವಳ ಬಿಡುವನ್ನು ಕೇಳದ ಮನೆಗಳು ನಮ್ಮಲ್ಲಿ ಬಹಳ. ಸೊಂಟನೋವು, ರಕ್ತಹೀನತೆ ಇವನ್ನು ಹೆಣ್ಣುಮಕ್ಕಳ ಸಹಜ ಧರ್ಮವೆಂದು ಭಾವಿಸಿ ಸುಮ್ಮನಿರುವುದು ದಯೆಯನ್ನು ಮೂಲವೆಂದು ಒಪ್ಪಿದವರಿಗೆ ಶೋಭಿಸದು.

ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳಲ್ಲಿ ಪ್ರಶ್ನೆ ತಿರುಗಿ ನಿಲ್ಲುತ್ತದೆ. ಮಳೆ ಕೈಕೊಟ್ಟ ವರ್ಷ ಅಲ್ಲಿ ಇರುವುದು ಬಿಡುವಲ್ಲ, ಕೆಲಸವಿಲ್ಲದ ಕಳವಳ. ಆಗ ಸಂಸಾರಸಮೇತ ಗುಳೆ ಹೋಗುತ್ತಾರೆ, ಬೆಂಗಳೂರು, ಮಂಗಳೂರು, ಗೋವೆಗಳ ಕಟ್ಟಡದ ಕೆಲಸಕ್ಕೆ. ಅಲ್ಲಿ ದುಡಿಯದ ದಿನಕ್ಕೆ ಕೂಲಿಯಿಲ್ಲ. ಜ್ವರ ಬಂದವನೂ ಸಿಮೆಂಟಿನ ಬುಟ್ಟಿ ಎತ್ತುತ್ತಾನೆ. ಅಂಥವನ ಮುಂದೆ ವಿಶ್ರಾಂತಿಯ ಮಹಿಮೆ ಹೇಳುವುದು ಅಪಹಾಸ್ಯವಾದೀತು. ಅವನಿಗೆ ಬೇಕಾದುದು ಸಂಬಳಸಹಿತವಾದ ವಾರದ ರಜೆ, ಅದನ್ನು ಕೊಡಬೇಕಾದವನು ಕೆಲಸ ಮಾಡಿಸುವವನು. ನಮ್ಮ ಸಮಾಜದಲ್ಲಿಯೂ ಗುತ್ತಿಗೆದಾರರಿದ್ದಾರೆ, ಅಕ್ಕಿಗಿರಣಿಯವರಿದ್ದಾರೆ, ಅಂಗಡಿಕಾರರಿದ್ದಾರೆ, ಹತ್ತಾರು ಆಳುಗಳನ್ನು ಇಟ್ಟ ಜಮೀನುದಾರರಿದ್ದಾರೆ. ಈ ಲೇಖನ ಮೊದಲು ಅವರ ಕೈ ಸೇರಲಿ ಎಂಬುದು ನನ್ನ ಆಸೆ. ಅಜ್ಜ ಎತ್ತಿಗೆ ಕೊಟ್ಟಿದ್ದನ್ನು ಮೊಮ್ಮಗ ಆಳಿಗೆ ಕೊಡಲಾರನೇ?

ಕೆಲಸವೆಲ್ಲ ದಣಿಸುವುದೂ ಇಲ್ಲ ಎಂಬುದಕ್ಕೆ ಗವಿಸಿದ್ಧೇಶ್ವರ ಜಾತ್ರೆಯೇ ಸಾಕ್ಷಿ. ಪ್ರತಿವರ್ಷ ಜನವರಿಯ ಸುಮಾರಿಗೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಯ ಹೊರೆಗಳು ಬಂಡಿ, ಟ್ರ್ಯಾಕ್ಟರುಗಳಲ್ಲಿ ಮಹಾದಾಸೋಹಕ್ಕೆ ಬರುತ್ತವೆ. 2019ರಲ್ಲಿ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳ ಮುಂದಾಳುತನದಲ್ಲಿ ಹಿರೇಹಳ್ಳದ ಹೂಳು, ಜಾಲಿಗಳನ್ನು ತೆಗೆಯಲು ಜನ ತಾವಾಗಿ ಇಳಿದರು. ಜೊತೆಗೂಡಿ, ಕೊನೆ ಕಾಣುವ ಕೆಲಸವನ್ನು, ಯಾರ ಹಾಜರಿ ಪುಸ್ತಕವೂ ಇಲ್ಲದೆ ಮಾಡುವಾಗ ಮನಸ್ಸು ಹಗುರಾಗುತ್ತದೆ. ಆದರೆ ಇದನ್ನೇ ನೆವಮಾಡಿ, ರೊಟ್ಟಿ ಬಡಿಯುವುದೇ ಹೆಣ್ಣುಮಕ್ಕಳಿಗೆ ವಿಶ್ರಾಂತಿ ಎಂದು ಯಾರೂ ತೀರ್ಮಾನಿಸದಿರಲಿ!

ದಿನದ ಮಟ್ಟಿಗೆ ನಮ್ಮ ಮಾರ್ಗ ಇಷ್ಟಲಿಂಗಪೂಜೆಯನ್ನು ಕೊಟ್ಟಿದೆ. ಮಿಂದು, ಕುಳಿತು, ಅಂಗೈಯ ಲಿಂಗದಲ್ಲಿ ದೃಷ್ಟಿಯಿಟ್ಟು, ಉಸಿರು ನಿಧಾನವಾಗುವ ತನಕ ಬೇರೆ ಯಾವುದಕ್ಕೂ ಕಿವಿಗೊಡದಿರುವ ಹೊತ್ತು ಅದು. ಇಂದು ಎಷ್ಟೋ ಮನೆಗಳಲ್ಲಿ ಪೂಜೆಯ ಮಗ್ಗುಲಲ್ಲಿಯೇ ಮೊಬೈಲು ಗುನುಗುತ್ತಿರುತ್ತದೆ, ಕೈಯಲ್ಲಿ ಲಿಂಗ, ಕಣ್ಣು ಅತ್ತ. ಅದನ್ನು ಆ ಕಾಲು ತಾಸು ಇನ್ನೊಂದು ಕೋಣೆಯಲ್ಲಿಟ್ಟರೆ ಆಫೀಸು ಮುಳುಗುವುದಿಲ್ಲ.

ವಾರದ ಮಟ್ಟಿಗೆ, ಸೋಮವಾರವನ್ನು ಮನೆಗೆ ಮರಳಿ ತರಬಹುದು. ಅಂದು ಟ್ರ್ಯಾಕ್ಟರು, ಗಿರಣಿ, ಅಂಗಡಿಗಳಿಗೆ ಸಾಧ್ಯವಾದಷ್ಟು ಬಿಡುವು ಇರಲಿ. ಆಳಿಗೆ ಅಂದಿನ ಕೂಲಿ ಕಡಿತವಾಗದಿರಲಿ. ಸೋಮವಾರ ಸಾಧ್ಯವಿಲ್ಲದವರು ಬೇರೊಂದು ವಾರವನ್ನು ಆರಿಸಿಕೊಂಡರೆ ಶಿವನೇನೂ ಮುನಿಯುವುದಿಲ್ಲ. ಒಲೆಗೂ ಅಂದು ಬಿಡುವು ಬೇಕು. ನಮ್ಮ ಸೀಮೆಯ ಕಟಕ ರೊಟ್ಟಿ ವಾರಗಟ್ಟಲೆ ಕೆಡದು, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಡಬ್ಬಿಯಲ್ಲಿರುತ್ತವೆ, ಮೊಸರಿದ್ದರೆ ಊಟವಾಯಿತು. ಬಿಸಿರೊಟ್ಟಿಯೇ ಬೇಕೆನ್ನುವ ಗಂಡಸರು ಅಂದು ತಾವೇ ಹಿಟ್ಟು ನಾದಿ ಬಡಿಯಲಿ. ಮೊದಲ ನಾಲ್ಕು ಸೋಮವಾರ ರೊಟ್ಟಿ ದುಂಡಗೆ ಬರಲಿಕ್ಕಿಲ್ಲ. ಮುರಿದು ಹಾಲಿನಲ್ಲಿ ಅದ್ದಿಕೊಂಡರೆ ಆಕಾರ ಯಾರಿಗೂ ಕಾಣುವುದಿಲ್ಲ.