ಪ್ಲಾಸ್ಮಾ ಟಿವಿ: ಚಿತ್ರದ ಗುಣಮಟ್ಟ ಮತ್ತು ಮೌಲ್ಯ

ಪ್ಲಾಸ್ಮಾ ಟಿವಿಯು ಎರಡು ಗಾಜಿನ ಹಲಗೆಗಳ ನಡುವಿನ ಸೂಕ್ಷ್ಮ ಕೋಶಗಳಲ್ಲಿರುವ ನಿಯಾನ್, ಕ್ಸೆನಾನ್ ಮುಂತಾದ ಅನಿಲಗಳಿಗೆ ವಿದ್ಯುತ್ ಹಾಯಿಸಿ ಚಿತ್ರ ಮೂಡಿಸುವ ಸಾಧನ. ಈ ಪರದೆಯನ್ನು 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪಿಸಲಾಯಿತು.

ಚಿತ್ರದ ಗುಣಮಟ್ಟ

ಪ್ರತಿ ಕೋಶವೂ ತಾನೇ ಬೆಳಗುವುದರಿಂದ ಹಿಂಬೆಳಕು ಬೇಕಿಲ್ಲ. ಆದ್ದರಿಂದ ಕಪ್ಪು ಬಣ್ಣ ಗಾಢವಾಗಿರುತ್ತದೆ. ಪಕ್ಕದಿಂದ ನೋಡಿದರೂ ಬಣ್ಣಗಳು ಮಾಸುವುದಿಲ್ಲ. ಕಾಂಟ್ರಾಸ್ಟ್ ಅನುಪಾತವನ್ನು ತಯಾರಕರು ಬೇರೆ ಬೇರೆ ವಿಧಾನಗಳಲ್ಲಿ ಅಳೆಯುವುದರಿಂದ ಜಾಹೀರಾತಿನ ಅಂಕಿಗಳು ಹೋಲಿಕೆಗೆ ಒದಗುವುದಿಲ್ಲ. ಅಂಗಡಿಯ ಪ್ರಖರ ಬೆಳಕಿನಲ್ಲಿ ಪ್ಲಾಸ್ಮಾ ಪರದೆ ಎಲ್‌ಸಿಡಿಗಿಂತ ಮಂಕಾಗಿ ಕಾಣುವುದುಂಟು. ಮಂದ ಬೆಳಕಿನ ಕೋಣೆಯಲ್ಲಿ ರಾತ್ರಿಯ ದೃಶ್ಯವೊಂದನ್ನು ನೋಡಿ ಪರೀಕ್ಷಿಸುವುದು ಸೂಕ್ತ.

ಸ್ಫುಟತೆ

ಎಚ್‌ಡಿ ಎಂದು ಮಾರಾಟವಾದ 42 ಇಂಚಿನ ಅನೇಕ ಮಾದರಿಗಳಲ್ಲಿ 1024×768 ಚಿತ್ರಬಿಂದುಗಳಿದ್ದವು. ಪೂರ್ಣ ಎಚ್‌ಡಿಯಲ್ಲಿ 1920×1080 ಇರುತ್ತವೆ. ಭಾರತದ ಎಸ್‌ಡಿ ಪ್ರಸಾರದ ಚಿತ್ರದಲ್ಲಿ 576 ಗೆರೆಗಳಷ್ಟೇ ಇರುತ್ತವೆ. ಅಂತಹ ವಾಹಿನಿಗಳನ್ನು ಮಾತ್ರ ನೋಡುವವರಿಗೆ ಪೂರ್ಣ ಎಚ್‌ಡಿಗಾಗಿ ತೆತ್ತ ಹೆಚ್ಚಿನ ಬೆಲೆಯಿಂದ ವಿಶೇಷ ಪ್ರಯೋಜನವಿಲ್ಲ.

ಮೌಲ್ಯ

ಪ್ಯಾನಾಸೋನಿಕ್ 2013ರಲ್ಲಿ, ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ಪ್ಲಾಸ್ಮಾ ತಯಾರಿಕೆಯನ್ನು ನಿಲ್ಲಿಸಿದವು. ಬಳಸಿದ ಟಿವಿ ಕೊಳ್ಳುವಾಗ ಪರದೆಯನ್ನು ಒಂದೇ ಬಣ್ಣದಿಂದ ತುಂಬಿಸಿ, ವಾಹಿನಿಯ ಲಾಂಛನದಂತಹ ಅಚ್ಚು ಉಳಿದಿದೆಯೇ ಎಂದು ಪರಿಶೀಲಿಸಬೇಕು. ಚಿತ್ರ ಬೆಳ್ಳಗಿದ್ದಷ್ಟೂ ವಿದ್ಯುತ್ ಹೆಚ್ಚು ವ್ಯಯವಾಗುವುದರಿಂದ ಆ ವೆಚ್ಚವನ್ನೂ ಬೆಲೆಯೊಡನೆ ಲೆಕ್ಕಹಾಕಬೇಕಾಗುತ್ತದೆ.