ಬೇಲ್ ಆಗ್ಲಿಲ್ಲ ಅಂದ್ರೆ ಅಪರಾಧಿ ಅಂತಲೇ ಅರ್ಥವಾ?

"ಬೇಲ್ ಆಗ್ಲಿಲ್ಲಂತೆ, ಹಾಗಾದ್ರೆ ಅವನೇ ಮಾಡಿರ್ಬೇಕು." ಊರಿನ ಹುಡುಗನೊಬ್ಬ ಜೈಲು ಸೇರಿದರೆ ಹೋಟೆಲಿನಿಂದ ಮದುವೆ ಮನೆಯವರೆಗೆ ಹರಡುವ ಮಾತಿದು. ಇದರಿಂದ ತಂಗಿಯ ಸಂಬಂಧ ತಪ್ಪಿಹೋಗುವುದೂ ಉಂಟು. ಆದರೆ ಜಾಮೀನಿನ ಆದೇಶ ಎಂದರೆ ಅಪರಾಧದ ತೀರ್ಪಲ್ಲ.

ನ್ಯಾಯಾಧೀಶರು ಮುಖ್ಯವಾಗಿ ನೋಡುವುದು ಮೂರು ಸಂಗತಿ. ಹೊರಬಂದರೆ ಆರೋಪಿ ತಲೆಮರೆಸಿಕೊಳ್ಳುತ್ತಾನಾ? ಸಾಕ್ಷ್ಯ ನಾಶ ಮಾಡ್ತಾನಾ? ಸಾಕ್ಷಿಗಳನ್ನು ಹೆದರಿಸ್ತಾನಾ? ಜೊತೆಗೆ ಆರೋಪದ ಗಂಭೀರತೆ, ಹಿಂದಿನ ಪ್ರಕರಣಗಳೂ ಲೆಕ್ಕಕ್ಕೆ ಬರುತ್ತವೆ. "ಜಾಮೀನು ನಿಯಮ, ಜೈಲು ಅಪವಾದ" ಎಂಬ ತತ್ವವನ್ನು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1977ರಲ್ಲೇ ಹೇಳಿದ್ದಾರೆ.

ಮಾದಕವಸ್ತು ಕಾಯ್ದೆಯಲ್ಲಿ ಮಾತ್ರ ಲೆಕ್ಕ ಬೇರೆ. ಎಂಡಿಎಂಎ 10 ಗ್ರಾಂ, ಗಾಂಜಾ 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಆಗ ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದು ಮತ್ತೆ ಅಪರಾಧ ಮಾಡಲಾರ ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಯುಎಪಿಎಯಲ್ಲಿ ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಸಾಕು, ಜಾಮೀನು ಇಲ್ಲ. ಆದರೂ 2021ರ ನಜೀಬ್ ಪ್ರಕರಣದಲ್ಲಿ, ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು ವಿಚಾರಣೆ ಬೇಗ ಮುಗಿಯುವ ಲಕ್ಷಣವಿಲ್ಲದಿದ್ದಾಗ ಸುಪ್ರೀಂ ಕೋರ್ಟ್ ಜಾಮೀನನ್ನು ಎತ್ತಿಹಿಡಿಯಿತು.

ಸಾಮಾನ್ಯ ಪ್ರಕರಣಗಳಲ್ಲಿ ಆರೋಪದ ಸ್ವರೂಪ ನೋಡಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕು. ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಬೇಕು, ತಡ ಮಾಡಿದರೆ ಹಕ್ಕು ಹೋಯಿತು. ವಾಣಿಜ್ಯ ಪ್ರಮಾಣದ ಮಾದಕವಸ್ತು ಪ್ರಕರಣದಲ್ಲಿ ಈ ಅವಧಿ 180 ದಿನ.

ಮನೆಯವರು ಏನು ಮಾಡಬೇಕು? ರಾಜಿ ಮಾಡಿಸ್ತೇವೆ ಅಂತ ದೂರುದಾರರ ಮನೆಗೆ ಹೋಗಬೇಡಿ. ಸಾಕ್ಷಿಯ ಮೇಲೆ ಒತ್ತಡ ಹಾಕಿದ್ದಾರೆಂದು ಅದೇ ಜಾಮೀನಿಗೆ ಅಡ್ಡಿಯಾದೀತು. ಕಾಯಂ ವಿಳಾಸ, ಕೆಲಸ, ಚಿಕಿತ್ಸೆಯ ದಾಖಲೆಗಳನ್ನು ವಕೀಲರಿಗೆ ಕೊಡಿ. ವಕೀಲರಿಗೆ ಕೊಡಲು ದುಡ್ಡಿಲ್ವಾ? ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ನೋಡದೆ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. "ಬೇಲ್ ಮಾಡಿಸಿ ಕೊಡ್ತೇನೆ" ಅನ್ನುವ ದಲ್ಲಾಳಿಗಳ ಕೈಗೆ ಚಿನ್ನ ಅಡವಿಟ್ಟ ಹಣ ಹೋಗದಿರಲಿ.

ಕೆಳಗಿನ ಕೋರ್ಟ್ ನಿರಾಕರಿಸಿದರೆ ಸೆಷನ್ಸ್, ಆಮೇಲೆ ಹೈಕೋರ್ಟ್ ಇದೆ. ತೀರ್ಪು ಬರುವವರೆಗೆ ಅವನು ಆರೋಪಿ ಮಾತ್ರ. ನಾವೂ ಹಾಗೆಯೇ ಕರೆಯೋಣ.